ವಿವಾಹ ವಿಚ್ಛೇದನವೂ ಸಾಮಾಜಿಕ ಆವರಣವೂ

ಗಂಡಹೆಂಡಿರ ಸಂಬಂಧ ಮುರಿಯಿತೆಂದು ಕೇಳಿದ ಕೂಡಲೆ ನಾವು ಅದರ ಕಾರಣವನ್ನು ಆ ಇಬ್ಬರಲ್ಲಿಯೇ ಹುಡುಕಲು ತೊಡಗುತ್ತೇವೆ. ಅವನು ಮುಂಗೋಪಿ, ಅವಳು ಹಟಮಾರಿ, ಅತ್ತೆಯ ಬಾಯಿ ಜೋರು, ಮಾವನ ಕೈ ಬಿಗಿ. ನಮ್ಮ ವಿವರಣೆ ಆ ಮನೆಯ ಹೊಸ್ತಿಲನ್ನು ದಾಟುವುದೇ ಇಲ್ಲ. ಒಂದು ಮನೆಯ ಮಟ್ಟಿಗೆ ಈ ವಿವರಣೆ ಸರಿಯೂ ಆಗಿರಬಹುದು. ಆದರೆ ಒಂದು ಮನೆಯನ್ನು ಬಿಟ್ಟು ಒಂದು ಲಕ್ಷ ಮನೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಪ್ರಶ್ನೆಯ ಸ್ವರೂಪವೇ ಬೇರೆಯಾಗುತ್ತದೆ. ಮುಂಗೋಪಿಗಳೂ ಹಟಮಾರಿಗಳೂ ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ವಿಚ್ಛೇದನದ ಪ್ರಮಾಣ ಮಾತ್ರ ದೇಶದಿಂದ ದೇಶಕ್ಕೆ, ಒಂದೇ ದೇಶದಲ್ಲಿ ಕಾಲದಿಂದ ಕಾಲಕ್ಕೆ ಬಹುವಾಗಿ ಭೇದಿಸುತ್ತದೆ. ಜಪಾನಿನಲ್ಲಿ 1883ರ ಸುಮಾರಿಗೆ ಪ್ರತಿ ಸಾವಿರ ಜನಸಂಖ್ಯೆಗೆ ವರ್ಷವೊಂದಕ್ಕೆ ಮೂರಕ್ಕಿಂತ ಹೆಚ್ಚು ವಿಚ್ಛೇದನಗಳು ದಾಖಲಾಗುತ್ತಿದ್ದುವು. 1898ರಲ್ಲಿ ಹೊಸ ನಾಗರಿಕ ಸಂಹಿತೆ ಜಾರಿಗೆ ಬಂದ ಮರುವರ್ಷ ಆ ಸಂಖ್ಯೆ ಸುಮಾರು ಒಂದೂವರೆಗೆ ಇಳಿಯಿತು. ಜಪಾನೀಯರ ಸ್ವಭಾವ ಒಂದೆರಡು ವರ್ಷಗಳಲ್ಲಿ ಅಷ್ಟು ಸೌಮ್ಯವಾಯಿತೆಂದು ಯಾರೂ ಹೇಳಲಾರರು. ಬದಲಾದುದು ಅವರ ಸುತ್ತಣ ವ್ಯವಸ್ಥೆ.

ಮನುಷ್ಯನ ಅತ್ಯಂತ ಖಾಸಗಿಯಾದ ನಿರ್ಧಾರಗಳಲ್ಲಿಯೂ ಸಮಾಜದ ಕೈವಾಡವಿದೆಯೆಂಬುದನ್ನು ಅಂಕಿ-ಅಂಶಗಳಿಂದ ತೋರಿಸಿಕೊಟ್ಟವರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕಹೈಮ್ ಪ್ರಮುಖನು. ಆತ್ಮಹತ್ಯೆಯನ್ನು ಕುರಿತು 1897ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ವಿಚ್ಛೇದನದ ಅಂಕಿಗಳೂ ಬರುತ್ತವೆ. ಒಬ್ಬೊಬ್ಬ ವ್ಯಕ್ತಿಯ ಕಾರಣ ಒಂದೊಂದು ಬಗೆಯದಾಗಿದ್ದರೂ ಒಂದು ಸಮಾಜದ ಒಟ್ಟು ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಮೆ ಸ್ಥಿರವಾಗಿರುತ್ತದೆ. ಆದುದರಿಂದ ಆ ಪ್ರಮಾಣಕ್ಕೆ ಕಾರಣವನ್ನು ಸಮಾಜದಲ್ಲಿಯೇ ಹುಡುಕಬೇಕು ಎಂಬುದು ಅವನ ವಾದದ ತಿರುಳು. ಈ ಲೇಖನದಲ್ಲಿ ನಾವು ಈ ವಿಷಯವನ್ನು ಪ್ಯಾರಿಸಿನಿಂದ ಬಹು ದೂರಕ್ಕೆ, ನಮ್ಮದೇ ನಾಡಿನ ಒಂದು ಮೂಲೆಗೆ ಒಯ್ದು ನೋಡೋಣ.

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಎರೆಭೂಮಿಯಲ್ಲಿ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳು ಒಂದರ ಮಗ್ಗುಲಲ್ಲಿ ಒಂದು ಇವೆ. ಭಾಷೆ ಒಂದು, ಬೆಳೆ ಒಂದು, ರೊಟ್ಟಿ ಒಂದು, ಬೀಗತನಗಳೂ ಊರಿಂದೂರಿಗೆ ಹೆಣೆದುಕೊಂಡಿವೆ. ಇಂದು ಇವೆಲ್ಲವೂ 1997ರಲ್ಲಿ ರಚಿತವಾದ ಬಾಗಲಕೋಟೆ ಜಿಲ್ಲೆಗೆ ಸೇರಿವೆ. ಆದರೆ 1948ಕ್ಕೆ ಮೊದಲು ಇವು ಒಂದೇ ಆಡಳಿತಕ್ಕೆ ಸೇರಿರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರ ಸಂಸ್ಥಾನ. ಇಂದು ಒಂದೇ ನಗರಸಭೆಯಡಿಯಲ್ಲಿರುವ ಅವಳಿ ಊರುಗಳಲ್ಲಿ ಬನಹಟ್ಟಿ ಜಮಖಂಡಿಯ ಆಳ್ವಿಕೆಗೂ ರಬಕವಿ ಸಾಂಗಲಿಯ ಆಳ್ವಿಕೆಗೂ ಒಳಪಟ್ಟಿದ್ದುವು. ಬೀಳಗಿಯಾದರೋ ವಿಜಾಪುರ ಜಿಲ್ಲೆಯ ಭಾಗವಾಗಿ ನೇರವಾಗಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಜನ ಒಂದೇ, ಕಾನೂನು ಬೇರೆ. ಸಮಾಜಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸುಲಭವಾಗಿ ದೊರೆಯುವುದಿಲ್ಲ.

ಉಡಿಕೆ ಮತ್ತು ಸೋಡಚೀಟಿ

ಹಿಂದೂಗಳಲ್ಲಿ ವಿಚ್ಛೇದನವೆಂಬುದು ಇರಲೇ ಇಲ್ಲ, ಅದು ಹೊಸ ಕಾಯಿದೆಯೊಡನೆ ಬಂದ ಹೊಸ ಪದ್ಧತಿ ಎಂಬ ಮಾತನ್ನು ವಾಚಕರು ಅನೇಕ ಬಾರಿ ಕೇಳಿರಬಹುದು. ಧರ್ಮಶಾಸ್ತ್ರದ ಗ್ರಂಥಗಳನ್ನು ಮಾತ್ರ ಓದಿದವರಿಗೆ ಹಾಗೆ ಕಾಣುವುದು ಸಹಜ. ಹಳ್ಳಿಗೆ ಹೋಗಿ ನೋಡಿದವರಿಗೆ ಬೇರೆಯೇ ಚಿತ್ರ ಕಂಡಿತು. 1884ರಲ್ಲಿ ಪ್ರಕಟವಾದ ವಿಜಾಪುರ ಜಿಲ್ಲೆಯ ಗ್ಯಾಸೆಟಿಯರಿನಲ್ಲಿ ಒಂದೊಂದು ಜಾತಿಯನ್ನೂ ವರ್ಣಿಸುವಾಗ ಆ ಜಾತಿಯಲ್ಲಿ ವಿಧವಾವಿವಾಹವುಂಟೇ, ವಿಚ್ಛೇದನವುಂಟೇ ಎಂಬ ವಿಷಯವನ್ನು ಗುರುತಿಸುವ ರೂಢಿಯಿತ್ತು. ಬ್ರಾಹ್ಮಣರನ್ನೂ ಅವರ ಆಚಾರವನ್ನು ಅನುಸರಿಸುತ್ತಿದ್ದ ಕೆಲವರನ್ನೂ ಬಿಟ್ಟರೆ ಈ ಭಾಗದ ಬಹುಪಾಲು ಜಾತಿಗಳಲ್ಲಿ ಹೆಣ್ಣಿನ ಎರಡನೆಯ ಮದುವೆಗೆ ಅವಕಾಶವಿತ್ತು.

ಆ ಎರಡನೆಯ ಮದುವೆಗೆ ಈ ನಾಡಿನಲ್ಲಿ ಉಡಿಕೆ, ಜನರ ಬಾಯಲ್ಲಿ ಉಡಕಿ, ಎಂದು ಹೆಸರು. ಮೊದಲನೆಯದು ಲಗ್ನ; ಅದು ಹೆಣ್ಣಿಗೆ ಬಾಳಿನಲ್ಲಿ ಒಮ್ಮೆ ಮಾತ್ರ. ಉಡಿಕೆಯಾದರೋ ಬಾಜಾಬಜಂತ್ರಿಯ ಸಡಗರವಿಲ್ಲದೆ, ಬಹುಮಟ್ಟಿಗೆ ರಾತ್ರಿಯ ವೇಳೆಯಲ್ಲಿ, ಹೊಸ ಸೀರೆಯನ್ನುಡಿಸಿ ಹಿರಿಯರ ಸಮಕ್ಷಮದಲ್ಲಿ ಮುಗಿಸುವ ಕಾರ್ಯ. ಲಗ್ನದ ಗೌರವ ಅದಕ್ಕಿಲ್ಲದಿದ್ದರೂ ಅದರಿಂದ ಹುಟ್ಟಿದ ಸಂಸಾರ ಸಂಸಾರವೇ, ಮಕ್ಕಳು ಮಕ್ಕಳೇ. ಗಂಡ ಸತ್ತವಳಿಗೆ ಮಾತ್ರವಲ್ಲದೆ ಗಂಡ ಬಿಟ್ಟವಳಿಗೂ, ಕೆಲವು ಜಾತಿಗಳಲ್ಲಿ ಗಂಡನನ್ನು ಬಿಟ್ಟವಳಿಗೂ ಈ ದಾರಿ ತೆರೆದಿತ್ತು. ಗಂಡ ಬಿಟ್ಟ ಲಿಂಗಾಯತ ಹೆಣ್ಣು ಮಾಡಿಕೊಂಡ ಇಂತಹ ಸೀರೆ ಉಡಿಕೆಯು ಜಾತಿಯ ಸಂಪ್ರದಾಯದಂತೆ ಸಿಂಧುವೆಂದು ಮದರಾಸು ಹೈಕೋರ್ಟು 1885ರಲ್ಲಿಯೇ ಒಪ್ಪಿತ್ತು.

ಮುರಿದ ಲಗ್ನಕ್ಕೆ ಸಾಕ್ಷಿ ಬೇಕಷ್ಟೆ. ಅದಕ್ಕಾಗಿ ಗಂಡನಿಂದ ಬರೆಸಿಕೊಳ್ಳುತ್ತಿದ್ದ ಕಾಗದವೇ ಸೋಡಚೀಟಿ. ಮರಾಠಿಯ ಸೋಡಣೆ ಎಂದರೆ ಬಿಡುವುದು. ಪೇಶವೆಯರ ಕಾಲದಿಂದ ಮರಾಠಿ ಕಾಗದಪತ್ರಗಳ ಪ್ರಭಾವಕ್ಕೆ ಒಳಪಟ್ಟ ಈ ಸೀಮೆಗೆ ಶಬ್ದ ಅಲ್ಲಿಂದ ಬಂದಿತು. ಊರಿನ ಪಂಚರು ಕುಳಿತು ಲಗ್ನದ ಖರ್ಚು, ಒಡವೆ, ಕೊಟ್ಟುದು ತಂದುದು ಎಲ್ಲವನ್ನೂ ಲೆಕ್ಕ ಮಾಡಿ, ಯಾರು ಯಾರಿಗೆ ಎಷ್ಟು ಹಿಂದಿರುಗಿಸಬೇಕೆಂದು ತೀರ್ಮಾನಿಸಿ ಕಾಗದ ಬರೆಸುತ್ತಿದ್ದರು. ಈ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಪಂಚರೆಲ್ಲ ಗಂಡಸರು, ಕೀಲಿಕೈ ಗಂಡನ ಕೈಯಲ್ಲಿ, ಅವನು ಬರೆದುಕೊಡದಿದ್ದರೆ ಹೆಣ್ಣಿಗೆ ಬಿಡುಗಡೆ ಕಷ್ಟ. ಜಾತಿಯೇ ಮುಂದೆ ಬಂದು ಲಗ್ನವನ್ನು ರದ್ದುಮಾಡಿ ಮರುಮದುವೆಗೆ ಅನುಮತಿ ಕೊಟ್ಟರೂ ನ್ಯಾಯಾಲಯಗಳು ಅದನ್ನು ಮನ್ನಿಸವೆಂದು ಮುಂಬಯಿ ಹೈಕೋರ್ಟು 1876ರಲ್ಲಿ ತೀರ್ಪಿತ್ತಿತು. ಆದರೂ ಲಗ್ನ ಮುರಿದ ಹೆಣ್ಣನ್ನು ಮತ್ತೆ ಸಂಸಾರದೊಳಕ್ಕೆ ಕರೆದುಕೊಳ್ಳುವ ಒಂದು ಬಾಗಿಲು ಆ ಸಮಾಜದಲ್ಲಿತ್ತೆಂಬುದನ್ನು ನಾವು ಗಮನಿಸಬೇಕು. ಮುಂದಿನ ಲೆಕ್ಕವೆಲ್ಲ ಆ ಬಾಗಿಲನ್ನು ಅವಲಂಬಿಸಿದೆ.

ಆ ಬಾಗಿಲು ಕ್ರಮೇಣ ಕಿರಿದಾದುದಕ್ಕೆ ಒಂದು ಸಾಮಾಜಿಕ ಕಾರಣವುಂಟು. ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತು 1942ರಲ್ಲಿ ಪುಸ್ತಕವನ್ನು ಬರೆದ ಎಂ. ಎನ್. ಶ್ರೀನಿವಾಸರು ಮುಂದೆ ಸಂಸ್ಕೃತೀಕರಣವೆಂಬ ಹೆಸರಿನಿಂದ ಒಂದು ಪ್ರವೃತ್ತಿಯನ್ನು ವಿವರಿಸಿದರು. ಏಳಿಗೆಗೆ ಬಂದ ಜಾತಿಯೊಂದು ಮೇಲಿನವರ ಆಚಾರಗಳನ್ನು ಅನುಕರಿಸುತ್ತದೆ. ಹಾಗೆ ಅನುಕರಿಸುವಾಗ ಮೊದಲು ಕೈಬಿಡುವುವುಗಳಲ್ಲಿ ವಿಧವಾವಿವಾಹವೂ ವಿಚ್ಛೇದನವೂ ಸೇರಿವೆ. ಮನೆತನ ದೊಡ್ಡದಾದಷ್ಟೂ ಉಡಿಕೆ ನಾಚಿಕೆಯ ವಿಷಯವಾಗುತ್ತದೆ. ಇಲ್ಲಿ ಕಾನೂನು ಬದಲಾಗಲಿಲ್ಲ, ದಂಪತಿಗಳ ಸ್ವಭಾವವೂ ಬದಲಾಗಲಿಲ್ಲ. ನೆರೆಯವರ ದೃಷ್ಟಿ ಬದಲಾಯಿತು. ಅದರೊಡನೆ ವಿಚ್ಛೇದನದ ಸಂಭಾವ್ಯತೆಯೂ ಬದಲಾಯಿತು.

ಕಾಯಿದೆಯೆಂಬ ಆವರಣ

ಮುಂಬಯಿ ಪ್ರಾಂತದ ಹಿಂದೂ ವಿಚ್ಛೇದನ ಕಾಯಿದೆ 1947ರಲ್ಲಿ ಬಂದಿತು. ಆಗ ಅದು ಬೀಳಗಿಗೆ ಅನ್ವಯಿಸುವುದಾಗಿತ್ತು. ಎರಡು ಹರದಾರಿಯಾಚೆ ಸಂಸ್ಥಾನದ ಗಡಿಯೊಳಗಿನ ಹಳ್ಳಿಗೆ ಅದು ಪರರಾಜ್ಯದ ಕಾಯಿದೆ. 1948ರಲ್ಲಿ ಸಂಸ್ಥಾನಗಳು ಮುಂಬಯಿಯೊಡನೆ ವಿಲೀನವಾದುವು. 1955ರ ಮೇ 18ರಂದು ಇಡೀ ದೇಶದ ಹಿಂದೂ ವಿವಾಹ ಕಾಯಿದೆ ಜಾರಿಗೆ ಬಂದಾಗ ಮುಂಬಯಿಯ ಕಾಯಿದೆ ರದ್ದಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಮುಂಬಯಿಯ ಕಾಯಿದೆಯಲ್ಲಿ ಪರಿತ್ಯಾಗ, ಎಂದರೆ ಕಾರಣವಿಲ್ಲದೆ ಬಿಟ್ಟುಹೋಗುವುದು, ವಿಚ್ಛೇದನಕ್ಕೆ ಆಧಾರವಾಗಿತ್ತು. 1955ರ ಕಾಯಿದೆಯಲ್ಲಿ ಅದು ಮೊದಲು ನ್ಯಾಯಿಕ ಪ್ರತ್ಯೇಕತೆಗೆ ಮಾತ್ರ ಆಧಾರವಾಯಿತು. ನೇರವಾಗಿ ವಿಚ್ಛೇದನ ಪಡೆಯಲು 1976ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಪರಸ್ಪರ ಸಮ್ಮತಿಯ ವಿಚ್ಛೇದನವೂ ಆ ತಿದ್ದುಪಡಿಯಿಂದಲೇ ಬಂದುದು. ಕಾಯಿದೆಗಳು ಸದಾ ಮುಂದಕ್ಕೇ ಹೆಜ್ಜೆಯಿಡುತ್ತವೆಂದು ತಿಳಿಯುವವರು ಈ ವಿವರವನ್ನು ನೆನಪಿನಲ್ಲಿಡಲಿ. ಮುಸಲ್ಮಾನ ಹೆಣ್ಣುಮಕ್ಕಳಿಗೆ ನ್ಯಾಯಾಲಯದ ಮೂಲಕ ವಿಚ್ಛೇದನ ಕೋರುವ ಹಕ್ಕನ್ನು ಸ್ಪಷ್ಟಪಡಿಸಿದ ಕಾಯಿದೆ 1939ರಷ್ಟು ಹಿಂದಿನದು.

ಹಾಗಾದರೆ ಸೋಡಚೀಟಿಯ ಗತಿಯೇನು? 1955ರ ಕಾಯಿದೆಯ 29ನೆಯ ಕಲಮು ಸಂಪ್ರದಾಯದಿಂದ ಮಾನ್ಯವಾದ ವಿಚ್ಛೇದನದ ಹಕ್ಕನ್ನು ಉಳಿಸಿತು. ಆದರೆ ಉಳಿಸಿದುದು ಸಂಪ್ರದಾಯವನ್ನೇ ಹೊರತು ಕಾಗದವನ್ನಲ್ಲ. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ 1982ರ ತಾರೀಖಿನ ವಿಚ್ಛೇದನ ಪತ್ರವೊಂದರ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, 2002ರಲ್ಲಿ ನ್ಯಾಯಾಲಯವು ಹೇಳಿದುದೇನೆಂದರೆ: ಸಂಪ್ರದಾಯದ ವಿಚ್ಛೇದನ ಸಾಮಾನ್ಯ ಕಾನೂನಿಗೆ ಅಪವಾದ, ಅಂಥ ಸಂಪ್ರದಾಯ ತಮ್ಮ ಸಮುದಾಯದಲ್ಲಿ ಇದೆಯೆಂದು ಹೇಳುವವರು ಅದನ್ನು ಸ್ಪಷ್ಟವಾಗಿ ವಾದಿಸಿ ಪುರಾವೆಯಿಂದ ಸಿದ್ಧಪಡಿಸಬೇಕು. ಛಾಪಾ ಕಾಗದದ ಮೇಲೆ ನಾಲ್ಕು ಸಹಿಗಳಿದ್ದ ಮಾತ್ರಕ್ಕೆ ಲಗ್ನ ಮುರಿಯುವುದಿಲ್ಲ. ಸಂಪ್ರದಾಯ ಸಿದ್ಧವಾಗದೆ ಹೋದರೆ ಆ ಕಾಗದವನ್ನು ನಂಬಿ ಮಾಡಿಕೊಂಡ ಎರಡನೆಯ ಮದುವೆ ಶೂನ್ಯ. ಅದು ದಂಡನೀಯ ಅಪರಾಧವೂ ಆಗಬಹುದು. ಅಂಥ ಮದುವೆಯ ಮಕ್ಕಳನ್ನು ಅದೇ ಕಾಯಿದೆಯ 16ನೆಯ ಕಲಮು ಔರಸರೆಂದು ಪರಿಗಣಿಸಿ ಕಾಪಾಡುತ್ತದೆ. ಅವರ ತಾಯಿಗೆ ಹೆಂಡತಿಯ ಸ್ಥಾನವನ್ನು ಆ ಕಲಮು ಕೊಡುವುದಿಲ್ಲ. ಅಜ್ಜಿಯ ಕಾಲದಲ್ಲಿ ಸಾಲುತ್ತಿದ್ದ ಕಾಗದ ಮೊಮ್ಮಗಳ ಕಾಲದಲ್ಲಿ ಸಾಲದೆ ಹೋಗುವುದು ಹೀಗೆ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಾದರೂ ಇಂಥ ಕಾಗದವಿದ್ದರೆ ವಕೀಲರಿಗೊಮ್ಮೆ ತೋರಿಸುವುದು ಲೇಸು.

ಎಣಿಕೆಯ ತೊಡಕು

ಈಗ ಅಂಕಿಗಳ ಕಡೆಗೆ ತಿರುಗೋಣ. 2011ರ ಜನಗಣತಿಯಂತೆ ಭಾರತದಲ್ಲಿ ವಿಚ್ಛೇದಿತರೆಂದು ಹೇಳಿಕೊಂಡವರು ಸುಮಾರು 13.6 ಲಕ್ಷ, ಎಂದರೆ ವಿವಾಹಿತರ ಸಂಖ್ಯೆಯ ಶೇಕಡ 0.24ರಷ್ಟು. ವಿಚ್ಛೇದನವಿಲ್ಲದೆಯೇ ಬೇರೆಯಾಗಿ ಬಾಳುತ್ತಿರುವವರು ಇವರ ಹೆಚ್ಚುಕಡಮೆ ಮೂರುಪಟ್ಟು. ಈ ಅಂಕಿಗಳನ್ನು ವಿಶ್ಲೇಷಿಸಿದ ಸೂರಜ್ ಜೇಕಬ್ ಮತ್ತು ಶ್ರೀಪರ್ಣಾ ಚಟ್ಟೋಪಾಧ್ಯಾಯ ಎಂಬ ಸಂಶೋಧಕರು 2016ರಲ್ಲಿ ಇನ್ನೂ ಎರಡು ಸಂಗತಿಗಳನ್ನು ತೋರಿಸಿದರು. ವಿಚ್ಛೇದನ ಪಟ್ಟಣದ ಕಾಯಿಲೆಯೆಂಬ ನಂಬಿಕೆಗೆ ವಿರುದ್ಧವಾಗಿ ಹಳ್ಳಿಗೂ ಪಟ್ಟಣಕ್ಕೂ ಈ ಪ್ರಮಾಣಗಳಲ್ಲಿ ದೊಡ್ಡ ಅಂತರವಿರಲಿಲ್ಲ. ಪ್ರಾಂತ ಪ್ರಾಂತಗಳ ನಡುವೆ ಮಾತ್ರ ಬಹಳ ಅಂತರವಿತ್ತು. ಬುಡಕಟ್ಟಿನ ಸಂಪ್ರದಾಯದಲ್ಲಿ ವಿಚ್ಛೇದನ ಅಷ್ಟು ಕಷ್ಟವಲ್ಲದ ಮಿಜೋರಾಮಿನಲ್ಲಿ ಪ್ರಮಾಣ ಶೇಕಡ 4ನ್ನು ಮುಟ್ಟಿತ್ತು. ಹಾಗೆಯೇ ವಿಚ್ಛೇದಿತರೂ ಬೇರೆಯಾದವರೂ ಆಗಿ ಎಣಿಸಲ್ಪಟ್ಟವರಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು.

ಕೊನೆಯ ಸಂಗತಿ ಮೊದಲ ನೋಟಕ್ಕೆ ವಿಚಿತ್ರವಾಗಿದೆ. ಒಂದು ಲಗ್ನ ಮುರಿದರೆ ಒಬ್ಬ ಗಂಡಸೂ ಒಬ್ಬ ಹೆಂಗಸೂ ಬೇರೆಯಾಗುತ್ತಾರಲ್ಲವೇ? ಸಂಖ್ಯೆ ಸಮನಾಗಿರಬೇಕಲ್ಲವೇ? ಇದಕ್ಕೆ ಉತ್ತರ ಹೀಗಿದೆ. ಜನಗಣತಿ ಕೇಳುವುದು ಆ ದಿನದ ಸ್ಥಿತಿಯನ್ನು. ಮತ್ತೆ ಮದುವೆಯಾದವನು ಆ ದಿನ ವಿವಾಹಿತ. ಅವನ ಹಳೆಯ ವಿಚ್ಛೇದನ ಆ ಕಾಗದದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಗಂಡಸರು ಬೇಗ ಮರುಮದುವೆಯಾಗಿ ವಿವಾಹಿತರ ಕಲಮಿಗೆ ಹಿಂದಿರುಗುತ್ತಾರೆ, ಹೆಂಗಸರು ಉಳಿಯುತ್ತಾರೆ.

ಇದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ಮನದಟ್ಟು ಮಾಡಿಕೊಳ್ಳೋಣ. ಎರಡು ಹಳ್ಳಿಗಳಿವೆ, ಒಂದೊಂದರಲ್ಲಿಯೂ ಸಾವಿರ ಲಗ್ನಗಳು. ಮೊದಲನೆಯ ಹಳ್ಳಿಯಲ್ಲಿ ಹತ್ತು ವರ್ಷಗಳಲ್ಲಿ 40 ಲಗ್ನಗಳು ಮುರಿದುವು. ಆ 40 ಹೆಂಗಸರಲ್ಲಿ 36 ಮಂದಿಗೆ ಉಡಿಕೆಯಾಯಿತು. ಎರಡನೆಯ ಹಳ್ಳಿಯಲ್ಲಿ ಉಡಿಕೆಯ ರೂಢಿಯಿಲ್ಲ. ಅಲ್ಲಿ ಮುರಿದುವು 10, ಮರುಮದುವೆ ಒಂದೂ ಇಲ್ಲ. ಗಣತಿಯ ದಿನ ಮೊದಲನೆಯ ಹಳ್ಳಿಯಲ್ಲಿ 4 ಮಂದಿ, ಎರಡನೆಯದರಲ್ಲಿ 10 ಮಂದಿ ವಿಚ್ಛೇದಿತೆಯರು ದೊರೆಯುತ್ತಾರೆ. ಲಗ್ನಗಳು ನಾಲ್ಕುಪಟ್ಟು ಹೆಚ್ಚಾಗಿ ಮುರಿದ ಹಳ್ಳಿಯೇ ಕೋಷ್ಟಕದಲ್ಲಿ ಹೆಚ್ಚು ಸ್ಥಿರವಾದ ಹಳ್ಳಿಯೆಂದು ಕಾಣುತ್ತದೆ! ವಿಚ್ಛೇದಿತರ ಎಣಿಕೆಯೇ ಬೇರೆ, ವಿಚ್ಛೇದನಗಳ ಎಣಿಕೆಯೇ ಬೇರೆ.

ಆದುದರಿಂದ ಸಾಮಾಜಿಕ ಆವರಣ ಒಂದು ಕಡೆಯಲ್ಲಲ್ಲ, ಹಲವು ಕಡೆಗಳಲ್ಲಿ ತನ್ನ ಕೆಲಸವನ್ನು ಮಾಡುತ್ತದೆ. ಮನಸ್ಸು ಮುರಿಯುವುದರಲ್ಲಿ ಅದರ ಪಾಲಿದೆ. ಮುರಿದ ಮನಸ್ಸು ಬೇರೆ ಸೂರನ್ನು ಹುಡುಕುವುದೇ ಇಲ್ಲವೇ ಎಂಬುದರಲ್ಲಿ ಅದರ ಪಾಲು ಇನ್ನೂ ದೊಡ್ಡದು. ಬೇರೆಯಾದುದನ್ನು ಕಾಗದಕ್ಕಿಳಿಸುವುದರಲ್ಲಿ, ಕಾಗದಕ್ಕಿಳಿದುದನ್ನು ಗಣತಿದಾರನಿಗೆ ಹೇಳುವುದರಲ್ಲಿಯೂ ಅದು ಇದೆ. ತವರಿಗೆ ಬಂದು ವರ್ಷಗಳೇ ಕಳೆದಿದ್ದರೂ ತಾಳಿಯನ್ನು ತೆಗೆಯದ ಮಗಳನ್ನು ತಂದೆ ಗಣತಿದಾರನಿಗೆ ವಿವಾಹಿತೆಯೆಂದೇ ಬರೆಸುವುದು ಅಸಂಭವವೇನಲ್ಲ.

ವಿಚ್ಛೇದನ ಅಂಟುಜಾಡ್ಯವೇ?

ಈಗ ನಮ್ಮ ಎರೆಭೂಮಿಯಿಂದ ಸ್ವಲ್ಪ ಕಾಲ ಅಮೆರಿಕಕ್ಕೆ ಹೋಗಿಬರಬೇಕಾಗಿದೆ; ಏಕೆಂದರೆ ನೆರೆಹೊರೆಯ ಪ್ರಭಾವವನ್ನು ಅಳೆಯುವ ಪ್ರಯತ್ನ ಅಲ್ಲಿ ನಡೆದಿದೆ. ಮೆಸಚೂಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಹೃದ್ರೋಗದ ಅಧ್ಯಯನವೊಂದು ನಡೆದುಬಂದಿದೆ. ಮುಂದಿನ ಪರೀಕ್ಷೆಯ ವೇಳೆಗೆ ವಿಳಾಸ ತಪ್ಪಿಹೋಗಬಾರದೆಂದು ವೈದ್ಯರು ಪ್ರತಿಯೊಬ್ಬರಿಂದ ಬಂಧುಗಳ ಮತ್ತು ಮಿತ್ರರ ಹೆಸರುಗಳನ್ನು ಬರೆಯಿಸಿಕೊಳ್ಳುತ್ತಿದ್ದರು. ಹೃದಯಕ್ಕಾಗಿ ಬರೆದಿಟ್ಟ ಈ ಕಾಗದಗಳು ಸಮಾಜಶಾಸ್ತ್ರಕ್ಕೆ ನಿಧಿಯಾದುವು. ರೋಸ್ ಮೆಕ್‌ಡರ್ಮಟ್, ಜೇಮ್ಸ್ ಫೌಲರ್ ಮತ್ತು ನಿಕೊಲಾಸ್ ಕ್ರಿಸ್ಟಾಕಿಸ್ ಎಂಬವರು 2013ರಲ್ಲಿ ಪ್ರಕಟಿಸಿದ ಲೇಖನದಂತೆ, ಮಿತ್ರನೊಬ್ಬನಿಗೆ ವಿಚ್ಛೇದನವಾಗಿದ್ದರೆ ಒಬ್ಬನ ವಿಚ್ಛೇದನದ ಸಂಭವ ಶೇಕಡ 75ರಷ್ಟು ಹೆಚ್ಚು. ಮಿತ್ರನ ಮಿತ್ರನಿಗೆ ಆಗಿದ್ದರೆ ಶೇಕಡ 33ರಷ್ಟು ಹೆಚ್ಚು.

ಇಂಥ ಅಂಕಿಗಳನ್ನು ಓದುವಾಗ ಎಚ್ಚರಿಕೆ ಬೇಕು. ಶೇಕಡ 75ರಷ್ಟು ಹೆಚ್ಚು ಎಂದರೆ ನೂರಕ್ಕೆ 75 ಮಂದಿ ವಿಚ್ಛೇದನ ಪಡೆಯುತ್ತಾರೆಂದಲ್ಲ. ನೂರಕ್ಕೆ 4 ಇದ್ದುದು 7 ಆಗುತ್ತದೆ ಎಂದು. ಶೇಕಡ 33 ಹೆಚ್ಚು ಎಂದರೆ 3 ಇದ್ದುದು 4 ಆಗುವುದು. ಪತ್ರಿಕೆಗಳ ತಲೆಬರಹಗಳಲ್ಲಿ ಈ ಭೇದ ಅಳಿಸಿಹೋಗುತ್ತದೆ.

ಇದಕ್ಕಿಂತ ಆಳವಾದ ಆಕ್ಷೇಪವೊಂದಿದೆ. ಮಿತ್ರರು ಒಬ್ಬರಂತೊಬ್ಬರು ಇರುವುದು ಒಬ್ಬರಿಂದೊಬ್ಬರು ಕಲಿತುದರಿಂದಲೇ ಎಂದೇನೂ ಇಲ್ಲ. ಒಂದೇ ಬಗೆಯವರೇ ಮಿತ್ರರಾಗುವುದು ಲೋಕರೂಢಿ. ಅಲ್ಲದೆ ಇಬ್ಬರಿಗೂ ಒಂದೇ ಕಷ್ಟ ಒಂದೇ ಕಾಲದಲ್ಲಿ ಬಂದಿರಬಹುದು: ನೂಲಿನ ಬೆಲೆ ಏರಿ ಸೀರೆಯ ಬೆಲೆ ಇಳಿದರೆ ಬನಹಟ್ಟಿಯ ಓಣಿಯ ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುತ್ತವೆ, ಎಲ್ಲ ಮನೆಗಳಲ್ಲಿಯೂ ಒಟ್ಟಿಗೆ ಜಗಳವೇಳುತ್ತದೆ, ಅಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಏನೂ ಅಂಟಿಲ್ಲ. ಕೋಹೆನ್-ಕೋಲ್ ಮತ್ತು ಫ್ಲೆಚರ್ ಎಂಬ ಇಬ್ಬರು 2008ರಲ್ಲಿ ಇದನ್ನು ಬಹು ಚಮತ್ಕಾರವಾಗಿ ತೋರಿಸಿದರು. ಸ್ನೇಹಿತರ ಪ್ರಭಾವವನ್ನು ಅಳೆಯಲು ಬಳಕೆಯಲ್ಲಿದ್ದ ಇದೇ ಬಗೆಯ ಲೆಕ್ಕವನ್ನು ಹರೆಯದ ಹುಡುಗರಿಗೆ ಅನ್ವಯಿಸಿದಾಗ ಮೊಡವೆಯೂ ತಲೆನೋವೂ ಕೊನೆಗೆ ದೇಹದ ಎತ್ತರವೂ ಮಿತ್ರನಿಂದ ಮಿತ್ರನಿಗೆ ಅಂಟುವಂತೆ ಕಂಡಿತು! ಉದ್ದನೆಯ ಗೆಳೆಯನ ಪಕ್ಕದಲ್ಲಿ ಕುಳಿತು ಉದ್ದವಾದವರನ್ನು ಯಾರೂ ಕಂಡಿಲ್ಲ.

ಹೀಗೆಂದು ನೆರೆಹೊರೆಯ ಪ್ರಭಾವವೇ ಸುಳ್ಳೆಂದು ತೀರ್ಮಾನಿಸಕೂಡದು. ಅದನ್ನು ಶುದ್ಧವಾಗಿ ಅಳೆಯಬೇಕಾದರೆ ದಂಪತಿಗಳು ತಾವೇ ಆರಿಸಿಕೊಳ್ಳದ, ಹೊರಗಿನಿಂದ ಬಂದೆರಗಿದ ಬದಲಾವಣೆಯೊಂದು ಬೇಕು. ಬ್ರೆಜಿಲ್ ದೇಶದಲ್ಲಿ ಅಂಥದೊಂದು ದೊರೆಯಿತು. ಅಲ್ಲಿನ ಗ್ಲೋಬೋ ಎಂಬ ದೂರದರ್ಶನ ಸಂಸ್ಥೆಯ ಪ್ರಸಾರ ಬೇರೆಬೇರೆ ಊರುಗಳನ್ನು ಬೇರೆಬೇರೆ ವರ್ಷಗಳಲ್ಲಿ ತಲಪಿತು. ಅದರ ಧಾರಾವಾಹಿಗಳಲ್ಲಿ ಸಣ್ಣ ಕುಟುಂಬಗಳೂ ಗಂಡನನ್ನು ಬಿಟ್ಟು ಬಾಳುವ ನಾಯಿಕೆಯರೂ ಸಾಮಾನ್ಯ. ಪ್ರಸಾರ ತಲಪಿದ ಊರುಗಳಲ್ಲಿ ಬೇರೆಯಾದ ಮತ್ತು ವಿಚ್ಛೇದಿತ ಹೆಂಗಸರ ಪ್ರಮಾಣ ಹೆಚ್ಚಿತೆಂದು ಚೊಂಗ್ ಮತ್ತು ಲಾ ಫೆರ್ರಾರ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ತೋರಿಸಿದರು. ಹೆಚ್ಚಳ ಚಿಕ್ಕದೇ; ಆದರೆ ಕಾರ್ಯಕಾರಣ ಸಂಬಂಧ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾಗಿದೆ.

ನೆರೆಯ ಒಂದು ಉದಾಹರಣೆ ಎಷ್ಟು ದೂರ ಹರಿಯಬಲ್ಲುದೆಂಬುದನ್ನು ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞನು 1978ರಲ್ಲಿ ಮಂಡಿಸಿದ ಹೊಸ್ತಿಲಿನ ಸಿದ್ಧಾಂತದಿಂದ ತಿಳಿಯಬಹುದು. ಒಂದು ಓಣಿಯಲ್ಲಿ ಸಂಸಾರದಿಂದ ಬೇಸತ್ತ ಹತ್ತು ಹೆಣ್ಣುಮಕ್ಕಳಿದ್ದಾರೆಂದು ಊಹಿಸೋಣ. ಮೊದಲನೆಯವಳಿಗೆ ಯಾರ ಉದಾಹರಣೆಯೂ ಬೇಡ. ಎರಡನೆಯವಳು ಒಬ್ಬಳಾದರೂ ಹೊರಬಂದು ನೆಮ್ಮದಿಯಾಗಿರುವುದನ್ನು ಕಂಡರೆ ಬರುತ್ತಾಳೆ, ಮೂರನೆಯವಳು ಇಬ್ಬರನ್ನು ಕಂಡರೆ, ಹೀಗೆಯೇ ಹತ್ತನೆಯವಳವರೆಗೆ. ಆ ಓಣಿಯಲ್ಲಿ ಹತ್ತು ಮಂದಿಯೂ ಹೊರಬರುತ್ತಾರೆ. ಪಕ್ಕದ ಓಣಿಯಲ್ಲಿಯೂ ಹತ್ತು ಮಂದಿ. ವ್ಯತ್ಯಾಸವಿಷ್ಟೆ: ಅಲ್ಲಿ ಎರಡನೆಯವಳಿಗೂ ಇಬ್ಬರ ಉದಾಹರಣೆ ಬೇಕು. ಮೊದಲನೆಯವಳು ಹೊರಬಂದ ಮೇಲೆ ಸರಪಣಿ ಅಲ್ಲಿಯೇ ಕಡಿದುಹೋಗುತ್ತದೆ. ಒಂದು ಕಡೆ ಹತ್ತು, ಇನ್ನೊಂದು ಕಡೆ ಒಂದು. ದೂರದಿಂದ ನೋಡಿದವನು ಎರಡು ಓಣಿಗಳ ನೀತಿನಡತೆಯಲ್ಲಿಯೇ ಅಜಗಜಾಂತರವಿದೆಯೆಂದು ಷರಾ ಬರೆಯುತ್ತಾನೆ.

ಸೋದರಸಂಬಂಧ ಮತ್ತು ಮಗ್ಗ

ಈ ನಾಡಿಗೆ ಹಿಂದಿರುಗಿದರೆ, ಅಮೆರಿಕದ ಮಿತ್ರರ ಬಲೆಗಿಂತ ಬಿಗಿಯಾದ ಬಲೆಯೊಂದು ಇಲ್ಲಿದೆ. ಅದು ಸೋದರಸಂಬಂಧ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆಗಳು ರಕ್ತಸಂಬಂಧಿಗಳೊಳಗೆ ಆದವು. ಉತ್ತರ ಭಾರತದಲ್ಲಿ ಹೆಣ್ಣು ಅಪರಿಚಿತರ ಊರಿಗೆ ಹೋಗುತ್ತಾಳೆ, ದಕ್ಷಿಣದಲ್ಲಿ ಪರಿಚಿತರ ಮನೆಗೇ ಹೋಗುತ್ತಾಳೆ ಎಂಬ ಭೇದವನ್ನು ಇರಾವತಿ ಕರ್ವೆಯವರು 1953ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವಳಿಗೆ ಗಂಡನ ಮನೆ ಅಜ್ಜಿಯ ಮನೆಯೇ. ಜಗಳವಾದರೆ ಬಿಡಿಸಲು ಹತ್ತು ಮಂದಿ ಓಡಿಬರುತ್ತಾರೆ. ಇದು ರಕ್ಷಣೆ. ಆದರೆ ಲಗ್ನ ಮುರಿದರೆ ಅಣ್ಣ-ತಂಗಿಯರ ನಡುವಣ ಹೊಕ್ಕುಬಳಕೆಯೇ ಮುರಿಯುತ್ತದೆ. ಆದುದರಿಂದ ಆ ಹತ್ತು ಮಂದಿಯೂ ಅವಳನ್ನು ಹಿಂದಕ್ಕೆ ಕಳುಹಿಸುವುದರಲ್ಲಿಯೇ ಒಕ್ಕಟ್ಟಾಗಿರುತ್ತಾರೆ. ತಾಯಿಯೆದುರು ತಾಯಿಯ ತಮ್ಮನ ಮೇಲೆ ದೂರು ಹೇಳುವುದು ಹೇಗೆ? ಒಂದೇ ಬಂಧನ ಏಕಕಾಲದಲ್ಲಿ ಆಸರೆಯೂ ಬೇಲಿಯೂ ಆಗಿದೆ.

ಒಂದು ಮನೆಯ ಅಣ್ಣ-ತಂಗಿಯರನ್ನು ಇನ್ನೊಂದು ಮನೆಯ ತಂಗಿ-ಅಣ್ಣಂದಿರಿಗೆ ಕೊಟ್ಟು ತರುವ ಮದುವೆಗಳಲ್ಲಿ ಇದು ಇನ್ನೂ ಸ್ಪಷ್ಟ. ಪಾಕಿಸ್ತಾನದ ಹಳ್ಳಿಗಳಲ್ಲಿ ಇಂತಹ ಪದ್ಧತಿಗೆ ವಟ್ಟಾ-ಸಟ್ಟಾ ಎಂದು ಹೆಸರು. ಜಾಕೊಬಿ ಮತ್ತು ಮನ್ಸೂರಿ ಎಂಬವರು 2010ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ ಅಲ್ಲಿ ಕೊಡು-ಕೊಳ್ಳುವ ಲಗ್ನಗಳಲ್ಲಿ ಹೆಣ್ಣು ಮುನಿದು ತವರು ಸೇರುವುದೂ ಹೊಡೆತಕ್ಕೆ ಗುರಿಯಾಗುವುದೂ ಕಡಮೆ. ನನ್ನ ತಂಗಿಗೆ ನೀನೇನು ಮಾಡುವೆಯೋ ನಿನ್ನ ತಂಗಿಗೆ ನಾನದನ್ನೇ ಮಾಡುವೆನೆಂಬ ಮೌನವಾದ ಒತ್ತೆಯೇ ಇದಕ್ಕೆ ಕಾರಣವೆಂದು ಅವರ ಅಭಿಪ್ರಾಯ. ಒಂದು ಕಡೆ ನಿಜವಾಗಿಯೂ ಮುರಿದರೆ ಏನೂ ತಪ್ಪುಮಾಡದ ಇನ್ನೊಂದು ಜೋಡಿಯೂ ಅಲುಗಾಡುತ್ತದೆಂಬುದನ್ನು ಹೇಳಬೇಕಾದುದೇ ಇಲ್ಲ.

ದುಡಿಮೆಯ ಮಾತನ್ನೂ ಸ್ವಲ್ಪ ಹೇಳಬೇಕು. ರಬಕವಿ-ಬನಹಟ್ಟಿಯ ನೇಕಾರ ಮನೆಯಲ್ಲಿ ಹೆಂಗಸು ಕಂಡಿಕೆ ಸುತ್ತದಿದ್ದರೆ ಮಗ್ಗ ಓಡದು. ಆದರೆ ಮನೆಯ ಮಗ್ಗದಲ್ಲಿ ಕೂಲಿ ಸೀರೆಯ ಲೆಕ್ಕದಲ್ಲಿ, ಮನೆಯ ಯಜಮಾನನ ಕೈಗೆ ಬರುತ್ತದೆ. ಕಂಡಿಕೆಗೆ ಬೇರೆ ಸಂಬಳವಿಲ್ಲ. ಅವಳ ಶ್ರಮ ಅನಿವಾರ್ಯ, ಅವಳ ಆದಾಯ ಅದೃಶ್ಯ. ಅದೇ ಹೆಂಗಸು ಪರರ ವಿದ್ಯುತ್ ಮಗ್ಗದ ಷೆಡ್ಡಿನಲ್ಲಿ ದುಡಿದರೆ ವಾರದ ಕೂಲಿ ಅವಳ ಕೈಗೇ ಬರುತ್ತದೆ. ಕೆಲಸ ಒಂದೇ, ಹೊರಬರುವ ಶಕ್ತಿ ಮಾತ್ರ ಒಂದೇ ಅಲ್ಲ. ಹೆಣ್ಣಿನ ದುಡಿಮೆಯಿಂದ ವಿಚ್ಛೇದನ ಹೆಚ್ಚುತ್ತದೆಯೇ ಎಂದು ಕೇಳುವವರು ದುಡಿಮೆಯನ್ನಲ್ಲ, ಕೂಲಿ ಯಾರ ಕೈ ಸೇರುತ್ತದೆಂಬುದನ್ನು ಮೊದಲು ವಿಚಾರಿಸಬೇಕೆಂದು ನಮಗೆ ತೋರುತ್ತದೆ.

ಬ್ರೆಜಿಲಿನ ದೂರದರ್ಶನದಂತೆ ಹೊರಗಿನಿಂದ ಬಂದೆರಗಿದ ಬದಲಾವಣೆಯೊಂದು ಈ ಸೀಮೆಯಲ್ಲಿಯೂ ಆಗಿದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿ ತಾಲ್ಲೂಕಿನ ಅನೇಕ ಹಳ್ಳಿಗಳನ್ನು ನುಂಗಿತು. ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ನೀರು ಗಂಡಹೆಂಡಿರ ಹೊಂದಾಣಿಕೆಯನ್ನು ನೋಡಿ ಊರನ್ನು ಆರಿಸುವುದಿಲ್ಲ. ನೆಲದ ಮಟ್ಟವನ್ನು ಮಾತ್ರ ನೋಡುತ್ತದೆ. ಮುಳುಗಿದ ಊರನ್ನೂ ಅದರ ಪಕ್ಕದ, ಕೆಲವೇ ಅಡಿ ಎತ್ತರದಲ್ಲಿದ್ದುದರಿಂದ ಉಳಿದುಕೊಂಡ ಊರನ್ನೂ ಹೋಲಿಸಿದರೆ ಹಳೆಯ ಓಣಿ, ಹಳೆಯ ಪಂಚರು, ಹಳೆಯ ನೆರೆ ಚದರಿಹೋದುದರಿಂದ ದಾಂಪತ್ಯಗಳಿಗೆ ಏನಾಯಿತೆಂಬುದನ್ನು ಅಳೆಯುವ ಅವಕಾಶವುಂಟು. ಆದರೆ ಮುಳುಗಿದ ಊರಿಗೆ ಪರಿಹಾರದ ಹಣವೂ ಬಂದಿತೆಂಬುದನ್ನು ಮರೆಯಕೂಡದು. ನೆರೆ ಹೋದುದರ ಪರಿಣಾಮ ಯಾವುದು, ಹಣ ಬಂದುದರ ಪರಿಣಾಮ ಯಾವುದು ಎಂಬುದನ್ನು ಬಿಡಿಸಬೇಕಾದರೆ, ಹೆಚ್ಚು ಹಣ ಪಡೆದ ಭೂಮಾಲೀಕರ ಮನೆಗಳನ್ನೂ ಅಲ್ಪ ಹಣ ಪಡೆದ ಕೂಲಿಕಾರರ ಮನೆಗಳನ್ನೂ ಬೇರೆಬೇರೆಯಾಗಿ ನೋಡಬೇಕಾಗುತ್ತದೆ. ಮನೆಮನೆಗೆ ಹೋಗುವ ವಿದ್ಯಾರ್ಥಿ ‘ವಿಚ್ಛೇದನವಾಗಿದೆಯೇ’ ಎಂಬ ಒಂದೇ ಪ್ರಶ್ನೆಯನ್ನು ಕೇಳಿದರೆ ಏನೂ ದೊರೆಯದು. ಲಗ್ನವಾದುದು ಯಾವ ವರ್ಷ, ಒಂದೇ ಸೂರಿನಡಿ ಬಾಳುವುದು ನಿಂತುದು ಯಾವ ವರ್ಷ, ಬಿಡುಗಡೆಯ ಕಾಗದವೇನಾದರೂ ಇದೆಯೇ, ಇದ್ದರೆ ಅದು ಕೋರ್ಟಿನದೋ ಪಂಚರದೋ, ಆಮೇಲೆ ಉಡಿಕೆಯಾಯಿತೇ ಎಂದು ಬಿಡಿಬಿಡಿಯಾಗಿ ಕೇಳಬೇಕು. ಅದನ್ನು ಮನೆಯ ಯಜಮಾನನನ್ನಲ್ಲ, ಸಾಧ್ಯವಾದಮಟ್ಟಿಗೆ ಆ ಹೆಂಗಸನ್ನೇ ಕೇಳಬೇಕು.